ಜುಲೈನಲ್ಲಿ ಅಡಿಕೆ ಕೊಯ್ಲು ಇರಲ್ಲ

ಪ್ರಶ್ನೆ: ತೀರ್ಥಹಳ್ಳಿ ಕಡೆಯ ತೋಟದ ಮನೆ ಬಗ್ಗೆ ಕಥೆ ಬರೀತಿದೀನಿ, ನಾನು ಬೆಳೆದಿದ್ದು ಬೆಂಗಳೂರಲ್ಲಿ. ಶುರು ಹೀಗಿದೆ: "ಜುಲೈ ತಿಂಗಳ ಜಡಿಮಳೆಯಲ್ಲಿ ರಾಮಣ್ಣನು ತನ್ನ ಸುಂದರವಾದ ತೋಟದಲ್ಲಿ ಅಡಿಕೆ ಕೀಳುತ್ತಿದ್ದನು. ಸಾಲದ ಚಿಂತೆಯಿಂದ ಅವನ ಮನಸ್ಸು ಭಾರವಾಗಿತ್ತು." ಓದಿದ ಫ್ರೆಂಡ್ಸ್ ಭಾಷೆ ಚೆನ್ನಾಗಿದೆ ಆದ್ರೆ ನಂಬಿಕೆ ಬರಲ್ಲ ಅಂತಾರೆ. ಇನ್ನೂ ಒಳ್ಳೆ ಪದ ಹುಡುಕ್ಬೇಕಾ?

ಉತ್ತರ: ಪದ ಆಮೇಲೆ ಹುಡುಕೋಣ, ಮೊದಲು ಕ್ಯಾಲೆಂಡರ್ ನೋಡಿ. ಆ ಕಡೆ ಕೊನೆ ಕೊಯ್ಲು, ಅಂದ್ರೆ ಅಡಿಕೆ ಗೊಂಚಲು ಕೊಯ್ಯೋದು, ಶುರುವಾಗೋದು ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್ ಹೊತ್ತಿಗೆ. ಜುಲೈನಲ್ಲಿ ಕಾಯಿ ಇನ್ನೂ ಎಳೇದು, ಆಗ ತೋಟದವರ ತಲೇಲಿ ಇರೋದು ಒಂದೇ, ಕೊಳೆರೋಗ. ಕೊಳೆ ಬಂದ್ರೆ ಎಳೆಕಾಯಿ ಮರದ ಬುಡದಲ್ಲಿ ಉದುರಿ ಬೀಳ್ತಾ ಹೋಗತ್ತೆ, ತಡೆಯೋಕೆ ಬೋರ್ಡೋ, ಅಂದ್ರೆ ಮೈಲುತುತ್ತ-ಸುಣ್ಣದ ದ್ರಾವಣ ಹೊಡೀಬೇಕು, ಮಳೆಗಾಲದ ಶುರುವಿಗೆ ಒಂದು ಸಲ, ಸುಮಾರು 40-45 ದಿನ ಬಿಟ್ಟು ಇನ್ನೊಂದು ಸಲ, ಆದ್ರೆ ಮಳೆ ಬಿಡುವು ಕೊಡ್ದೆ ಹೊಡೆಯೋಕಾಗಲ್ಲ, ಒದ್ದೆ ಮರ ಜಾರತ್ತೆ, ಹೊಡೆದ ಔಷಧಿಯೂ ಕಾಯಿಗೆ ಅಂಟೋ ಮೊದಲೇ ತೊಳೆದು ಹೋಗತ್ತೆ.

ನೋಡಿ, ನಿಮ್ಮ ಕಥೆ ಇಲ್ಲೇ ಇದೆ! ಸಾಲ ಮಾಡಿದ ರಾಮಣ್ಣ ಎರಡನೇ ಔಷಧಿಗೆ ಆಳು ಗೊತ್ತು ಮಾಡಿಕೊಂಡು ಜಗಲೀಲಿ ಕೂತಿದಾನೆ, ಮಳೆ ಬಿಡ್ತಿಲ್ಲ. ಅವನ ಮನಸ್ಸು ಭಾರವಾಗಿತ್ತು ಅಂತ ನೀವು ಹೇಳೋದೇ ಬೇಡ, ತೋಟಕ್ಕೆ ಹೋಗಿ ಉದುರಿದ ಕಾಯಿ ಒಂದೊಂದೇ ಎತ್ತಿ ನೋಡಿ ಬಂದ ಅಂತ ಬರೀರಿ ಸಾಕು.

ಔಷಧಿ ಕಲೆಸೋದೂ ಒಂದು ಸೀನ್. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸ್ತಾರೆ, ಉಜ್ಜಿದ ಕತ್ತಿಯ ಅಲಗನ್ನ ಅದರಲ್ಲಿ ಅದ್ದಿ ತೆಗೀತಾರೆ, ಅಲಗಿನ ಮೇಲೆ ಕೆಂಪು ಹಿಡಿದ್ರೆ ಇನ್ನೂ ಸುಣ್ಣ ಬೇಕು ಅಂತ ಅರ್ಥ. ಅಪ್ಪ ಕತ್ತಿ ಎತ್ತಿ ನೋಡೋ ಆ ಕ್ಷಣದಲ್ಲಿ ಮಗ ಸಾಲದ ಮಾತು ತೆಗೆದ್ರೆ ಹೇಗಿರತ್ತೆ ಯೋಚನೆ ಮಾಡಿ. ನನಗಂತೂ ಹತ್ತು ವಿಶೇಷಣಕ್ಕಿಂತ ಆ ಕತ್ತಿ ಮುಖ್ಯ ಅನ್ಸತ್ತೆ.

ಈಗ ಪದಕ್ಕೆ ಬರೋಣ. "ಸುಂದರವಾದ ತೋಟ" ಅಂದ್ರಲ್ಲ, ಅದು ಯಾರ ಕಣ್ಣಿಗೆ? ಕಾರಲ್ಲಿ ಹಾದು ಹೋಗೋರಿಗೆ ಸುಂದರ, ರಾಮಣ್ಣನಿಗೆ ಅದು ಬಸಿಗಾಲುವೆ ಕಟ್ಟಿಕೊಂಡು ನೀರು ನಿಂತಿರೋ ತೋಟ. ಹಾಗೇ ಅಡಿಕೆ ಯಾರೂ ಕೀಳಲ್ಲ, ಕೊನೆ ಕೊಯ್ತಾರೆ, ಆಮೇಲೆ ಮೆಟ್ಟುಗತ್ತಿ ಮುಂದೆ ಕೂತು ಸುಲೀತಾರೆ, ಹಂಡೇಲಿ ಬೇಯಿಸ್ತಾರೆ. ಸುಲಿಯೋರ ಬೆರಳು ಕಪ್ಪಾಗಿರತ್ತೆ, ತೊಳೆದ್ರೂ ಹೋಗಲ್ಲ, ಮದುವೆ ಮನೇಲಿ ಊಟಕ್ಕೆ ಕೂತಾಗ್ಲೂ ಕಾಣತ್ತೆ.

ಕಥೆ ಯಾವ ವರ್ಷದ್ದು ಅನ್ನೋದೂ ತೀರ್ಮಾನ ಮಾಡ್ಕೊಳ್ಳಿ. 1990ರದ್ದಾದ್ರೆ ಮರ ಹತ್ತಲೇಬೇಕು. ಈಗಿನದ್ದಾದ್ರೆ ಫೈಬರ್ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಔಷಧಿ ಹೊಡೀತಾರೆ, ಕೊನೆಯನ್ನೂ ಇಳಿಸ್ತಾರೆ.

ಪ್ರಶ್ನೆ: ಇಂಥ ಪದ ಹಾಕಿದ್ರೆ ಬೇರೆ ಜಿಲ್ಲೆಯವರಿಗೆ ಅರ್ಥ ಆಗತ್ತಾ? ಅಡಿಟಿಪ್ಪಣಿ ಕೊಡ್ಲಾ?

ಉತ್ತರ: ಬೇಡ. "ಮೆಟ್ಟುಗತ್ತಿ ಮಣೆ ಎಳೆದುಕೊಂಡು ಕೂತಳು, ಬುಟ್ಟಿಯಿಂದ ಒಂದು ಕಾಯಿ ತಗೊಂಡು ಅಲಗಿಗೆ ಒತ್ತಿದಳು" ಅಂದ್ರೆ ಬೀದರದವರಿಗೂ ಗೊತ್ತಾಗತ್ತೆ. ಆದ್ರೆ ಗೊತ್ತಿರೋದನ್ನೆಲ್ಲ ಸುರೀಬೇಡಿ. ಶಿವಮೊಗ್ಗದ ಮಂಡಿಯ ಸೀನ್ ಬಂದ್ರೆ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯ ನಾಲ್ಕೂ ಬಗೆಯ ಹೆಸರು ಬೇಡ, ರಾಮಣ್ಣ ಆವತ್ತು ಮಾರೋಕೆ ತಂದಿದ್ದು ರಾಶಿ ಆದ್ರೆ ಅವನ ಕಿವಿಗೆ ರಾಶಿ ರೇಟು ಮಾತ್ರ ಬೀಳತ್ತೆ.