ಪಂಜರದ ಪಕ್ಕದ ನೀರು ನೋಡಿದರೆ ಸಾಲದು

ವಿರಾಜಪೇಟೆಯಿಂದ ಕೇಳಿದವರಿಗೆ: ಕಡಲಲ್ಲಿ ಬಲೆಯ ಪಂಜರದೊಳಗೆ ಸಾಲ್ಮನ್ ಮೀನು ಸಾಕುವುದರ ಪರಿಣಾಮ ಅಳೆಯಲು ಪಂಜರದ ಪಕ್ಕದ ನೀರು ಪರೀಕ್ಷಿಸಿದರೆ ಮಗಳ ಎಂಎಸ್ಸಿ ಪ್ರಾಜೆಕ್ಟಿಗೆ ಸಾಕೇ ಅಂದಿದ್ದೀರಿ. ಸಾಲದು. ನಮ್ಮಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ನೀರು ತೋಡಿಗೆ ಬಿಟ್ಟರೆ ಗೊತ್ತಾಗೋದು ಕೆಳಗಿನ ಗದ್ದೆಯವರಿಗೆ ತಾನೇ?

ತೆರೆದ ಬಲೆಯಿಂದ ಹಿಕ್ಕೆ, ಉಳಿದ ಮೇವು ತಳಕ್ಕಿಳಿಯುತ್ತದೆ. ಕೆಸರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ ಅಲ್ಲಿ ಆಮ್ಲಜನಕ ಮುಗಿದಿದೆ ಅಂತಲೇ ಲೆಕ್ಕ.

ಆದರೆ ನನ್ನ ಪ್ರಕಾರ ದೊಡ್ಡ ತಲೆನೋವು ಮೀನಿನ ಹೇನು. ಪಂಜರದಲ್ಲಿ ಹೆಚ್ಚಿದ್ದು, ಹೊಳೆಯಿಂದ ಕಡಲಿಗಿಳಿಯುವ ಕಾಡು ಸಾಲ್ಮನ್ ಮರಿಗಳಿಗೆ ಹತ್ತಿಕೊಳ್ಳುತ್ತದೆ. ನಾರ್ವೆಯವರು 2017ರಲ್ಲಿ ಕರಾವಳಿಯನ್ನು 13 ವಲಯ ಮಾಡಿ, ಹೇನಿಂದ ಸಾಯುವ ಕಾಡು ಮರಿಗಳ ಅಂದಾಜು ನೋಡಿ ಪ್ರತಿ ವಲಯಕ್ಕೂ ಹಸಿರು, ಹಳದಿ ಇಲ್ಲವೇ ಕೆಂಪು ಬಣ್ಣ ಕೊಡಲು ಶುರುಮಾಡಿದರು. ಕೆಂಪಾದರೆ ಉತ್ಪಾದನೆ ಇಳಿಸಬೇಕು. ಮಗಳು ಇದನ್ನೇ ಮಾದರಿಯಾಗಿ ಹಿಡಿಯಲಿ. ತಪ್ಪಿಸಿಕೊಳ್ಳುವ ಮೀನಿನ ಲೆಕ್ಕವೂ ಬೇಕು: ಅದೇ ವರ್ಷ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಲೆ ಕುಸಿದು ಎರಡು ಲಕ್ಷಕ್ಕೂ ಹೆಚ್ಚು ಅಟ್ಲಾಂಟಿಕ್ ಸಾಲ್ಮನ್ ಹೊರಗೆ ಹೋದವು ಅಂತ ಅಲ್ಲಿನ ಸರ್ಕಾರದ ಅಂದಾಜು.

ಜನರ ಮೇಲಿನ ಪರಿಣಾಮದ ಭಾಗದಲ್ಲಿ ಎಷ್ಟು ಕೆಲಸ ಸಿಕ್ಕಿತು ಎಂದಷ್ಟೇ ಬರೆದು ಮುಗಿಸಬೇಡಿ. ಚಿಲಿಯಲ್ಲಿ 2007ರಿಂದ ಸಾಕಿದ ಸಾಲ್ಮನ್‌ಗೆ ವೈರಸ್ ರೋಗ ಹರಡಿದಾಗ ಸಾವಿರಾರು ಮಂದಿಯ ಕೆಲಸ ಹೋಯಿತು. ಬಲೆಗೆ ಜಾಗ ಬಿಟ್ಟುಕೊಟ್ಟ ಸಣ್ಣ ದೋಣಿಯವರು ಈಗ ಎಲ್ಲಿ ಮೀನು ಹಿಡಿಯುತ್ತಾರೆ, ಅದನ್ನೂ ಕೇಳಲಿ.