ಬಾಲದ ಬೆಂಕಿಗೆ ದಿನಕ್ಕೆ ಎಷ್ಟು ಎಣ್ಣೆ?

ಬದಿಯಡ್ಕದಿಂದ ‘ಪೋಕೆಮಾನ್‌ಗಳ ಶಕ್ತಿಯ ಹಿಂದಿನ ಜೀವಶಾಸ್ತ್ರ’ ಎಂಬ ಲೇಖನ ಕಳಿಸಿದವರಿಗೆ,

ನಮಸ್ಕಾರ. ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ನೀವು ಇದನ್ನು ಕೈಬಿಡಬಾರದು, ಅದಕ್ಕೇ ಇಷ್ಟು ಉದ್ದದ ಉತ್ತರ. ಪೋಕೆಮಾನ್‌ಗಳು ವಿಡಿಯೊ ಆಟದ ಕಲ್ಪಿತ ಪ್ರಾಣಿಗಳೆಂದು ವಿಷಯವನ್ನು ನಾನು ಹಗುರವಾಗಿ ಕಂಡಿಲ್ಲ. 1996ರಲ್ಲಿ ಜಪಾನಿನಲ್ಲಿ ಹೊರಬಂದ ಈ ಆಟವನ್ನು ಕಲ್ಪಿಸಿದ ಸತೋಶಿ ತಾಜಿರಿ ಬಾಲ್ಯದಲ್ಲಿ ಹುಳು ಹಿಡಿದು ಕೂಡಿಡುತ್ತಿದ್ದವರು. ಆ ಗೀಳಿನಿಂದಲೇ ಆಟದ ಕಲ್ಪನೆ ಮೊಳೆಯಿತು. ಹಾಗಾಗಿ ನೀವು ಕೇಳುತ್ತಿರುವ ಪ್ರಶ್ನೆ ಸರಿಯಾದದ್ದೇ.

ಸೋತಿರುವುದು ಉತ್ತರಗಳಲ್ಲಿ. ಮೂವತ್ತು ಪ್ರಾಣಿಗಳು, ಒಂದೊಂದಕ್ಕೂ ಹೆಚ್ಚೆಂದರೆ ನಾಲ್ಕು ಸಾಲು. ಅದರಲ್ಲೂ ಹೆಚ್ಚಿನವಕ್ಕೆ ‘ದೇಹದಲ್ಲಿ ವಿಶೇಷ ಗ್ರಂಥಿ ಇದೆ’ ಅಥವಾ ‘ಮ್ಯುಟೇಶನ್‌ನಿಂದ ಬಂದ ಶಕ್ತಿ’ ಎಂದು ಮುಗಿಸಿದ್ದೀರಿ. ಗ್ರಂಥಿ ಇದೆ ಎಂದರೆ ಅದಕ್ಕೆ ಆಹಾರ ಎಲ್ಲಿಂದ, ಅದರಿಂದ ಆ ಪ್ರಾಣಿಗೇ ಅಪಾಯ ಇಲ್ಲವೇ, ಅದನ್ನು ಹೊತ್ತು ತಿರುಗುವುದರಿಂದ ಸಿಗುವ ಲಾಭ ಏನು? ಜೀವಶಾಸ್ತ್ರ ಶುರುವಾಗುವುದೇ ಇಲ್ಲಿಂದ. ನೀವು ಇಲ್ಲಿಗೆ ಬಂದು ನಿಲ್ಲಿಸಿಬಿಟ್ಟಿದ್ದೀರಿ.

ಕೆನ್ನೆಯಿಂದ ವಿದ್ಯುತ್ ಹಾರಿಸುವ ಪಿಕಾಚುವಿಗೆ ಎಲೆಕ್ಟ್ರಿಕ್ ಈಲ್ ಎಂಬ ಮೀನಿನ ಉದಾಹರಣೆ ಕೊಟ್ಟದ್ದು ಒಳ್ಳೆಯದಾಯಿತು. ಇನ್ನೆರಡು ಹೆಜ್ಜೆ ಮುಂದೆ ಹೋಗಬೇಕಿತ್ತು. ಈಲ್‌ನ ಒಂದು ವಿದ್ಯುತ್ ಕೋಶ ಕೊಡುವುದು ಸುಮಾರು 0.15 ವೋಲ್ಟ್. ಅಂಥ ಸಾವಿರಾರು ಕೋಶಗಳು ಸಾಲಾಗಿ ಜೋಡಿಸಿಕೊಂಡಿರುವುದರಿಂದ ಒಂದು ಜಾತಿಯ ಈಲ್‌ನಲ್ಲಿ 860 ವೋಲ್ಟ್ ತನಕ ಅಳೆದಿದ್ದಾರೆ. ಅದರ ಸುತ್ತ ಇರುವುದು ನೀರು. ಪಿಕಾಚುವಿನ ಸುತ್ತ ಇರುವುದು ಗಾಳಿ, ಒಣ ಗಾಳಿಯಲ್ಲಿ ಕಿಡಿ ಒಂದು ಸೆಂಟಿಮೀಟರ್ ಹಾರಬೇಕಾದರೂ ಸುಮಾರು 30,000 ವೋಲ್ಟ್ ಬೇಕು. ಒಂದು ಮೀಟರಿಗೆ ಲೆಕ್ಕ ಹಾಕಿ: ಎರಡು ಕೋಟಿ ಕೋಶಗಳು ಒಂದೇ ಸಾಲಿನಲ್ಲಿ ನಿಲ್ಲಬೇಕು. ಆರು ಕಿಲೋದ ಪ್ರಾಣಿಯ ಕೆನ್ನೆಯಲ್ಲಿ ಅವಕ್ಕೆ ಜಾಗ ಎಲ್ಲಿದೆ? ಪಿಕಾಚು ಎದುರಾಳಿಯನ್ನು ಮುಟ್ಟಿಯೇ ಹೊಡೆಯಬೇಕು ಎಂದು ನೀವು ಬರೆದಿದ್ದರೆ ನಾನು ನಂಬುತ್ತಿದ್ದೆ.

ಚಾರಿಝಾರ್ಡ್ ಬಾಯಿಂದ ಬೆಂಕಿ ಉಗುಳುವುದಕ್ಕೆ ಹೊಟ್ಟೆಯ ಮೀಥೇನ್ ಕಾರಣ ಎಂದಿದ್ದೀರಿ. ಹಾಗಾದರೆ ಹೊಟ್ಟೆ ಯಾಕೆ ಸಿಡಿಯುವುದಿಲ್ಲ ಎಂಬುದಕ್ಕೆ ‘ಬೆಂಕಿ ತಡೆಯುವ ಒಳಚರ್ಮ’ ಎಂಬ ಉತ್ತರವನ್ನೂ ಕೊಟ್ಟಿದ್ದೀರಿ. ಆ ಚರ್ಮದ ಅಗತ್ಯವೇ ಇಲ್ಲ. ನಮ್ಮ ಊರಿನ ಎಷ್ಟೋ ಮನೆಗಳ ಹಟ್ಟಿಯ ಬದಿಯಲ್ಲಿ ಗೋಬರ್ ಗ್ಯಾಸಿನ ಗುಂಡಿ ಇದೆ, ಅದರಲ್ಲಿರುವುದೂ ಹೆಚ್ಚಾಗಿ ಮೀಥೇನೇ. ಒಲೆ ಉರಿಯುವಾಗ ಗುಂಡಿಯೊಳಗಿನ ಅನಿಲ ಹೊತ್ತಿಕೊಳ್ಳುವುದಿಲ್ಲ, ಯಾಕೆಂದರೆ ಅಲ್ಲಿ ಆಮ್ಲಜನಕ ಇಲ್ಲ. ಗಾಳಿಯಲ್ಲಿ ಮೀಥೇನ್ 5ರಿಂದ 15 ಶೇಕಡಾ ಇದ್ದಾಗ ಮಾತ್ರ ಬೆಂಕಿ ಹಿಡಿಯುತ್ತದೆ. ಹೊಟ್ಟೆಯೂ ಹಾಗೆಯೇ. ಸುಡುವ ಭಯ ಇರುವುದು ತುಟಿ ಮತ್ತು ನಾಲಿಗೆಗೆ. ವಿಶೇಷ ಚರ್ಮ ಬೇಕಾದರೆ ಅಲ್ಲಿ ಕೊಡಿ.

ಇನ್ನು ಓತಿಯಂಥ ಚಾರ್ಮಾಂಡರ್. ನಿಮ್ಮ ಲೇಖನದ ಜೀವ ಇದರಲ್ಲಿದೆ ಎಂದು ನನಗೆ ಅನಿಸಿತು, ನೀವು ಮಾತ್ರ ಇದನ್ನು ಎರಡೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಆಟದ ಪ್ರಕಾರ ಅದರ ತೂಕ 8.5 ಕಿಲೋ, ಬಾಲದ ತುದಿಯ ಬೆಂಕಿ ಹುಟ್ಟಿನಿಂದ ಸಾವಿನ ತನಕ ಉರಿಯುತ್ತಿರುತ್ತದೆ. ಅಷ್ಟೇ ತೂಕದ ನಾಯಿ ಸುಮ್ಮನೆ ಮಲಗಿದ್ದಾಗ ಖರ್ಚು ಮಾಡುವುದು 20 ವಾಟ್‌ನ ಆಸುಪಾಸು. ಓತಿಯಂಥ ಪ್ರಾಣಿಯಾದರೆ ಇನ್ನೂ ಎಷ್ಟೋ ಕಡಿಮೆ. ಒಂದು ಮೇಣದಬತ್ತಿ ಉರಿಯುವಾಗ ಹೊರಬರುವುದು ಸುಮಾರು 80 ವಾಟ್. ಅಂದರೆ ಬಾಲದ ಪುಟ್ಟ ಬೆಂಕಿಯೊಂದೇ ಇಡೀ ದೇಹದ ನಾಲ್ಕು ಪಟ್ಟು ತಿನ್ನುತ್ತದೆ! ಅದನ್ನು ಮೀಥೇನಿನಿಂದ ಉರಿಸಲು ದಿನಕ್ಕೆ 190 ಲೀಟರಿನಷ್ಟು ಬೇಕು. ದೊಡ್ಡ ತಳಿಯ ಹಸು ಇಡೀ ದಿನದಲ್ಲಿ ಹೊರಬಿಡುವುದೇ 250ರಿಂದ 500 ಲೀಟರ್. ನಮ್ಮ ಕಾಸರಗೋಡು ಗಿಡ್ಡ ಇನ್ನೂ ಕಡಿಮೆ ಬಿಡಬಹುದು. ಆದ್ದರಿಂದ ಬಾಲಕ್ಕೆ ಅನಿಲದ ವಿವರಣೆ ನಿಲ್ಲುವುದಿಲ್ಲ.

ಕೊಬ್ಬು ನಿಲ್ಲುತ್ತದೆ. ಅದೇ ಬೆಂಕಿಗೆ ದಿನಕ್ಕೆ ಸುಮಾರು 180 ಗ್ರಾಂ ಎಣ್ಣೆ ಸಾಕು. ಹೆಚ್ಚುಕಡಿಮೆ ಎರಡು ತೆಂಗಿನಕಾಯಿಯ ಕೊಬ್ಬರಿಯಲ್ಲಿ ಅಷ್ಟು ಸಿಗುತ್ತದೆ. ಎಷ್ಟೋ ಜಾತಿಯ ಹಲ್ಲಿಗಳು ಬರಗಾಲಕ್ಕೆಂದು ಕೊಬ್ಬನ್ನು ಶೇಖರಿಸಿಡುವುದು ಬಾಲದಲ್ಲೇ. ಬೆಂಕಿ ಬೇರೆಲ್ಲೂ ಅಲ್ಲದೆ ಬಾಲದಲ್ಲೇ ಯಾಕಿದೆ ಎಂಬುದಕ್ಕೂ ಇದರಿಂದ ದಾರಿ ಸಿಕ್ಕಿತಲ್ಲ?

ಇಷ್ಟು ದುಬಾರಿಯಾದದ್ದನ್ನು ಪ್ರಾಣಿ ಯಾಕೆ ಇಟ್ಟುಕೊಂಡಿದೆ ಎಂದು ಈಗ ಕೇಳಬಹುದು. 1975ರಲ್ಲಿ ಇಸ್ರೇಲಿನ ಅಮೋಟ್ಸ್ ಜಹಾವಿ ಎಂಬ ಜೀವಶಾಸ್ತ್ರಜ್ಞರು ಒಂದು ವಾದ ಮುಂದಿಟ್ಟರು: ನವಿಲಿನ ಗರಿಯಂಥ ಭಾರದ ಅಲಂಕಾರವನ್ನು ದುರ್ಬಲ ಗಂಡು ಹೊರಲಾರದು, ಆದ್ದರಿಂದಲೇ ಹೆಣ್ಣು ಅದನ್ನು ನಂಬಬಹುದು. ಚಾರ್ಮಾಂಡರ್ ಆರೋಗ್ಯವಾಗಿದ್ದರೆ ಬೆಂಕಿ ಜೋರಾಗಿ ಉರಿಯುತ್ತದೆ, ಸೊರಗಿದರೆ ಕುಗ್ಗುತ್ತದೆ ಎಂದು ಆಟವೇ ಹೇಳುತ್ತದೆ. ಎರಡನ್ನೂ ಜೋಡಿಸಿ ನೋಡಿ. ಬೆಂಕಿ ಆಯುಧವಲ್ಲ, ‘ನನಗೆ ತಿನ್ನಲು ಸಾಕಷ್ಟು ಸಿಗುತ್ತಿದೆ’ ಎಂಬ ಸುಳ್ಳಾಡಲಾಗದ ಸಂಕೇತ. ಖರ್ಚಿನ ಲೆಕ್ಕ ಹಾಕದಿದ್ದರೆ ಈ ಉತ್ತರ ಹೊಳೆಯುತ್ತಲೇ ಇರಲಿಲ್ಲ. ಓದುತ್ತಾ ನಾನೇ ಇದನ್ನು ಬರೆದುಬಿಡಬೇಕು ಅನಿಸುವಷ್ಟು ಆಸೆಯಾಯಿತು, ಆದರೆ ಇದು ನಿಮ್ಮ ಲೇಖನ.

ರೆಕ್ಕೆಗಳ ಬಗ್ಗೆಯೂ ಒಂದು ಮಾತು. ಚಾರಿಝಾರ್ಡಿಗೆ ಎರಡು ಕೈ, ಎರಡು ಕಾಲು, ಮೇಲೆ ಎರಡು ರೆಕ್ಕೆ. ಬೆನ್ನೆಲುಬಿನ ಪ್ರಾಣಿಗಳಲ್ಲಿ ನಾಲ್ಕಕ್ಕಿಂತ ಹೆಚ್ಚು ಅವಯವಗಳ ಜಾತಿ ಇಲ್ಲ. ಹಕ್ಕಿ, ಬಾವಲಿ ಎರಡೂ ಕೈಗಳನ್ನೇ ರೆಕ್ಕೆ ಮಾಡಿಕೊಂಡಿವೆ. ನೀವು ಇದಕ್ಕೂ ಮ್ಯುಟೇಶನ್ ಎಂದಿರಿ. ನೀವು ಕಂಗಿನ ತೋಟದ ನಡುವೆ ಬೆಳೆದವರೆಂದು ಪತ್ರದಲ್ಲಿ ಬರೆದಿದ್ದೀರಿ, ಹಾರುವ ಓತಿಯನ್ನು ಕಂಡೇ ಇರುತ್ತೀರಿ. ಅದು ನಾಲ್ಕು ಕಾಲುಗಳನ್ನೂ ಉಳಿಸಿಕೊಂಡು ಪಕ್ಕೆಲುಬುಗಳನ್ನು ಉದ್ದಕ್ಕೆ ಚಾಚಿ, ಅವುಗಳ ಮೇಲೆ ಚರ್ಮ ಬಿಗಿದು ಒಂದು ಕಂಗಿನಿಂದ ಇನ್ನೊಂದಕ್ಕೆ ತೇಲುತ್ತದೆ. ಮುಂಗಾಲುಗಳಿಂದ ಆ ಚರ್ಮದ ಅಂಚನ್ನು ಹಿಡಿದುಕೊಂಡು ತೇಲುತ್ತದೆ ಎಂದು 2017ರ ಒಂದು ಅಧ್ಯಯನ ತೋರಿಸಿತು. ಚಾರಿಝಾರ್ಡಿಗೆ ಬೇಕಾದ ವಿವರಣೆ ನಿಮ್ಮ ತೋಟದಲ್ಲೇ ಇದೆ, ಆದರೆ ಲೇಖನದಲ್ಲಿ ಒಂದೇ ಒಂದು ಓತಿಯೂ ಇಲ್ಲ. ನನಗೆ ಎಲ್ಲಕ್ಕಿಂತ ಬೇಸರವಾದದ್ದು ಇದಕ್ಕೆ. ಹಾಂ, ಪಕ್ಕೆಲುಬಿನ ರೆಕ್ಕೆಯನ್ನು ಬಡಿಯಲು ಬರುವುದಿಲ್ಲ. 90 ಕಿಲೋದ ಪ್ರಾಣಿ ಹಾಗಾದರೆ ಮೇಲೇರುವುದು ಹೇಗೆ ಎಂದು ನೀವೇ ಯೋಚಿಸಬೇಕು.

ಇಪ್ಪತ್ತೆಂಟು ಪ್ರಾಣಿಗಳನ್ನು ತೆಗೆದುಹಾಕಿ, ಚಾರ್ಮಾಂಡರ್ ಮತ್ತು ಅದು ಬೆಳೆದು ಆಗುವ ಚಾರಿಝಾರ್ಡ್ ಇವಿಷ್ಟನ್ನೇ ಇಟ್ಟುಕೊಂಡು ಮತ್ತೆ ಬರೆಯಿರಿ. ಎಣ್ಣೆ ಬಾಲದ ತುದಿಗೆ ಬರುತ್ತದೆ ಎಂದಿಟ್ಟುಕೊಂಡರೂ ಉರಿಯಲು ಬತ್ತಿ ಬೇಕು, ಅದು ದೇಹದ ಯಾವ ಭಾಗ, ತಾನು ಸುಟ್ಟುಹೋಗದೆ ಹೇಗೆ ಉಳಿಯುತ್ತದೆ ಎಂಬುದನ್ನು ಬಿಡಬೇಡಿ. ಬಾಲವನ್ನು ಸೀಳಿ ತೋರಿಸುವ ಒಂದು ಚಿತ್ರವನ್ನೂ ಕೈಯಲ್ಲೇ ಬಿಡಿಸಿ ಜೊತೆಗೆ ಕಳಿಸಿ.

— ಸಂಪಾದಕ