ಹೋದರೆ ಸಾಲದು, ತಿರುಗಿ ಬರಬೇಕು

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: “ಕಳೆದ ಸಂಚಿಕೆಯ ವೇಗದ ದಾಖಲೆಗಳ ಪಟ್ಟಿಯಲ್ಲಿ ಕವಾಸಾಕಿ ಎಚ್2ಆರ್ ಬೈಕ್ ಯಾಕಿಲ್ಲ? ಟರ್ಕಿಯ ಸೇತುವೆ ಮೇಲೆ ಅದು ಗಂಟೆಗೆ 400 ಕಿ.ಮೀ. ಮುಟ್ಟಿದ ವಿಡಿಯೊವನ್ನು ಜಗತ್ತೇ ನೋಡಿದೆ. ಕಣ್ಣಾರೆ ಕಂಡದ್ದಕ್ಕಿಂತ ನಿಯಮ ದೊಡ್ಡದೇ?”

ನಾವೂ ನೋಡಿದ್ದೇವೆ ಸ್ವಾಮಿ. 2016ರ ಜೂನ್‌ನಲ್ಲಿ ಉಸ್ಮಾನ್ ಗಾಜಿ ಸೇತುವೆಯ ಮೇಲೆ ಟರ್ಕಿಯ ಬೈಕ್ ರೇಸರ್ ಕೆನಾನ್ ಸೊಫುವೊಗ್ಲು 26 ಸೆಕೆಂಡಿನಲ್ಲಿ 400 ಮುಟ್ಟಿದರು. 998 ಸಿಸಿಯ ಸೂಪರ್‌ಚಾರ್ಜ್ಡ್ ಬೈಕಿನ ಮೇಲೆ ಆ ಎದೆಗಾರಿಕೆಗೆ ಒಂದು ನಮಸ್ಕಾರ. ಆದರೆ ನೀವು ಕಂಡದ್ದು ಮೀಟರಿನ ಅಂಕಿಯನ್ನು, ಅದೂ ಒಂದೇ ದಿಕ್ಕಿನದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದವರು ದಡ್ಡರಲ್ಲ.

ಅಂತಾರಾಷ್ಟ್ರೀಯ ಮೋಟರ್‌ಸೈಕಲ್ ಒಕ್ಕೂಟ ಎಫ್‌ಐಎಂ ಕೇಳುವುದು ಇಷ್ಟೇ: ಅಳೆದಿಟ್ಟ ಕಿಲೋಮೀಟರ್ ಅಥವಾ ಮೈಲಿಯನ್ನು ಒಮ್ಮೆ ಹೋಗಿ, ಎರಡು ಗಂಟೆಯೊಳಗೆ ಎದುರು ದಿಕ್ಕಿನಲ್ಲಿ ಬನ್ನಿ. ಸರಾಸರಿಯೇ ದಾಖಲೆ. 2010ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲಲ್ಲಿ ರಾಕಿ ರಾಬಿನ್ಸನ್ ಗಂಟೆಗೆ 605.697 ಕಿ.ಮೀ. ಪಡೆದದ್ದು ಹೀಗೆ. ಅವರ ಆ್ಯಕ್ ಅಟ್ಯಾಕ್ ಎಂಬ ಬೈಕಿನಲ್ಲಿ ಸುಜುಕಿಯ ಎರಡು ಹಯಾಬುಸಾ ಎಂಜಿನ್‌ಗಳಿದ್ದವು, ಟರ್ಬೊ ಬೇರೆ. ಆ ವೇಗದಲ್ಲಿ ಒಂದು ಕಿಲೋಮೀಟರ್ ಕಳೆಯಲು ಆರು ಸೆಕೆಂಡೂ ಬೇಡ. ಕಷ್ಟವಿರುವುದು ನಡುವಿನ ಆ ಎರಡು ಗಂಟೆಯಲ್ಲಿ: ವೇಗ ಇಳಿಸಲು ಬಿಚ್ಚಿಕೊಂಡ ಪ್ಯಾರಾಚೂಟ್ ಮತ್ತೆ ಮಡಿಸಿಡಬೇಕು, ಟೈರಿಗೆ ಗಾಯವಾಗಿದೆಯೇ ನೋಡಬೇಕು, ಇಂಧನ ತುಂಬಿ ಬೈಕನ್ನು ತಿರುಗಿಸಿ ನಿಲ್ಲಿಸಬೇಕು. ಮೊದಲ ಓಟದಲ್ಲೇ ಪಿಸ್ಟನ್ ಸುಟ್ಟುಕೊಂಡರೆ ಕಥೆ ಮುಗಿಯಿತು.

ಎರಡು ದಿಕ್ಕು ಯಾಕೆ? ಲೆಕ್ಕ ಹಾಕಿ. ಗಾಳಿಯ ತಡೆಗೇ ಶಕ್ತಿಯೆಲ್ಲ ಖರ್ಚಾಗುವ ವೇಗದಲ್ಲಿ ಬೆನ್ನಹಿಂದೆ 15 ಕಿ.ಮೀ. ಗಾಳಿ ಬೀಸಿದರೆ ಬೈಕಿಗೆ ಸುಮಾರು 10 ಕಿ.ಮೀ. ಪುಕ್ಕಟೆ ಸಿಗುತ್ತದೆ. 400ರಿಂದ 410ಕ್ಕೆ ಏರುವ ಅದೇ ಹತ್ತನ್ನು ಎಂಜಿನ್‌ನಿಂದ ದುಡಿಸಬೇಕಾದರೆ ನೂರಕ್ಕೆ 8ರಷ್ಟು ಹೆಚ್ಚು ಶಕ್ತಿ ಬೇಕು. ವಾಪಸ್ ಬರುವಾಗ ಅದೇ ಗಾಳಿ ಎದೆಗೆ ಹೊಡೆದು ಕೊಟ್ಟದ್ದನ್ನು ಕಿತ್ತುಕೊಳ್ಳುತ್ತದೆ. ಇಳಿಜಾರಿನದೂ ಇದೇ ಕಥೆ. ಇನ್ನು ಮೀಟರನ್ನು ಯಾಕೆ ನಂಬಬಾರದು? ಉಪ್ಪಿನ ಮೇಲೆ ಹಿಂದಿನ ಚಕ್ರ ಜಾರುತ್ತದೆ. ನೂರಕ್ಕೆ ಹತ್ತರಷ್ಟು ಜಾರಿದರೆ ಚಕ್ರ 600 ಎನ್ನುವಾಗ ಬೈಕು ಓಡುತ್ತಿರುವುದು 540ರಲ್ಲಿ.

ನ್ಯೂಜಿಲೆಂಡಿನ ಬರ್ಟ್ ಮನ್ರೊ 1920ರ ಇಂಡಿಯನ್ ಸ್ಕೌಟ್ ಬೈಕಿಗೆ ಪಿಸ್ಟನ್‌ಗಳನ್ನು ತಾವೇ ಎರಕ ಹೊಯ್ದು 1967ರಲ್ಲಿ ಬಾನ್‌ವಿಲ್‌ಗೆ ಹೋದವರು. ಒಂದು ದಿಕ್ಕಿನಲ್ಲಿ ಅವರು ಗಂಟೆಗೆ 190.07 ಮೈಲಿ ಓಡಿದ್ದುಂಟು. ಆದರೂ ದಾಖಲೆ ಪುಸ್ತಕಕ್ಕೆ ಹತ್ತಿದ್ದು ಸರಾಸರಿಯ 183.586. ಅನ್ಯಾಯ ಅನ್ನಿಸಿತೇ? ಮುಂದೆ ಕೇಳಿ. ಆ ಸರಾಸರಿಯ ಲೆಕ್ಕವೇ ತಪ್ಪಿತ್ತೆಂದು ಅವರ ಮಗ ಗುರುತಿಸಿ ತೋರಿಸಿದರು. 2014ರಲ್ಲಿ, ಮನ್ರೊ ತೀರಿ 36 ವರ್ಷಗಳಾದ ಮೇಲೆ, ಅಮೆರಿಕದ ಮೋಟರ್‌ಸೈಕಲ್ ಸಂಘ ಅದನ್ನು 184.087 ಎಂದು ತಿದ್ದಿತು. ಎರಡೂ ಓಟದ ಅಂಕಿ ಕಾಗದದ ಮೇಲಿದ್ದುದರಿಂದ ತಾನೇ ತಿದ್ದಲು ಸಾಧ್ಯವಾದದ್ದು? ವಿಡಿಯೊದಲ್ಲಿ ಕಂಡ ಅಂಕಿಯನ್ನು ಯಾರು, ಯಾವುದರೊಂದಿಗೆ ತಾಳೆ ನೋಡುತ್ತಾರೆ?

ಈ ಮೀಟರ್ ಭಕ್ತಿ ನಮ್ಮ ಬೀದಿಗೂ ಬಂದಿದೆ, ಅದೇ ನಮ್ಮ ಸಿಟ್ಟು. ಕಂಪನಿಯ ಮೀಟರು ನಿಜಕ್ಕಿಂತ ಕಡಿಮೆ ತೋರಿಸುವಂತಿಲ್ಲ, ತುಸು ಹೆಚ್ಚು ತೋರಿಸಿದರೆ ಅಡ್ಡಿಯಿಲ್ಲ. ಅದರ ಮೇಲೆ ಪಿಕಪ್ಪಿಗೆಂದು ಹಿಂದಿನ ಸ್ಪ್ರಾಕೆಟ್ಟನ್ನು (ಚೈನು ಕೂರುವ ಹಲ್ಲುಚಕ್ರ) 43 ಹಲ್ಲಿನಿಂದ 45ಕ್ಕೆ ಬದಲಿಸುತ್ತಾರೆ. ಗೇರ್‌ಬಾಕ್ಸ್ ಬಳಿ ಸೆನ್ಸರ್ ಇರುವ ಬೈಕಾದರೆ ಮೀಟರು ಇನ್ನೂ ನೂರಕ್ಕೆ ನಾಲ್ಕೂವರೆಯಷ್ಟು ಸುಳ್ಳು ಹೇಳುತ್ತದೆ. ಅದನ್ನೇ ಹೆದ್ದಾರಿಯಲ್ಲಿ, ಒಂದು ಕೈಯಲ್ಲಿ ಫೋನ್ ಹಿಡಿದು ಚಿತ್ರೀಕರಿಸುವುದು! ಪತ್ರಿಕೆಗಳೂ ಕಮ್ಮಿಯಿಲ್ಲ. ಕಂಪನಿ ಕೊಟ್ಟ ಟಾಪ್ ಸ್ಪೀಡು, ಕಂಪನಿ ಕೊಟ್ಟ ಮೈಲೇಜು, ಎರಡನ್ನೂ ಅಳೆಯದೆ ಅಚ್ಚು ಹಾಕುತ್ತವೆ.

ನಿಮ್ಮ ಉತ್ಸಾಹ ನಮಗೆ ಇಷ್ಟವಾಯಿತು, ಹಾಗಾಗಿಯೇ ಇಷ್ಟು ಬರೆದದ್ದು. ನಿಮ್ಮ ಬೈಕಿನ ನಿಜ ವೇಗ ತಿಳಿಯಬೇಕೆಂದರೆ ಮುಚ್ಚಿದ ಟ್ರ್ಯಾಕಿಗೆ ಹೋಗಿ. ಸೆಕೆಂಡಿಗೆ ಕನಿಷ್ಠ 10 ಬಾರಿ ದಾಖಲಿಸುವ ಜಿಪಿಎಸ್ ಲಾಗರ್ ಕಟ್ಟಿ, ಟೈರಿನ ಗಾಳಿ ತಂಪಾಗಿರುವಾಗಲೇ ಸರಿಮಾಡಿಕೊಂಡು, ನೆಟ್ಟಗಿನ ಒಂದೇ ತುಂಡಿನಲ್ಲಿ ಎರಡೂ ಕಡೆ ಓಡಿಸಿ. ಎರಡೂ ಅಂಕಿ ಕಳಿಸಿದರೆ ಮುಂದಿನ ಸಂಚಿಕೆಯಲ್ಲೇ ಹಾಕುತ್ತೇವೆ. ಒಂದೇ ಕಳಿಸಿದರೆ ಇಲ್ಲ.

-ಸಂ.